ಕನ್ನಡ ಕಾದಂಬರಿಯಲ್ಲಿ ಮುಪ್ಪಿನ ಹೆಣ್ಣು

ಅಕ್ಷರ ಬಾರದ ಮುದುಕಿಯೊಬ್ಬಳು ಮೊಮ್ಮಗಳ ಬಾಯಿಂದ ವಾರಕ್ಕೊಮ್ಮೆ ಕಥೆ ಕೇಳುತ್ತಿದ್ದಳು. ಊರು ಉತ್ತರ ಕರ್ನಾಟಕದ ಒಂದು ಹಳ್ಳಿ, ಪತ್ರಿಕೆ 'ಕರ್ಮವೀರ', ಕಥೆ ತ್ರಿವೇಣಿಯವರ 'ಕಾಶಿಯಾತ್ರೆ'. ಒಮ್ಮೆ ಮೊಮ್ಮಗಳು ಲಗ್ನಕ್ಕೆಂದು ಪರವೂರಿಗೆ ಹೋದವಳು ಕೆಲವು ದಿನ ಅಲ್ಲಿಯೇ ನಿಂತಳು. ಪತ್ರಿಕೆ ಮಾತ್ರ ತಪ್ಪದೆ ಬಂದಿತು. ಮುದುಕಿಯು ಹಾಳೆಗಳನ್ನು ತಿರುವಿದಳು, ಚಿತ್ರವನ್ನು ನೋಡಿದಳು, ಅಕ್ಷರಗಳ ಮೇಲೆ ಕೈಯಾಡಿಸಿದಳು. ಒಂದು ಮಾತೂ ಒಳಗೆ ಇಳಿಯಲಿಲ್ಲ. ಮೊಮ್ಮಗಳು ಮರಳಿ ಬಂದಾಗ ಆಕೆ ಅತ್ತಳು. ಅತ್ತ ಮೇಲೆ, ತನ್ನ 62ನೆಯ ವಯಸ್ಸಿನಲ್ಲಿ, ಅಕ್ಷರ ಕಲಿತೇ ತೀರುವೆನೆಂದು ಹಟ ಹಿಡಿದಳು. ದಸರೆಯ ಸರಸ್ವತಿ ಪೂಜೆಯ ದಿನವನ್ನೇ ಗಡುವಾಗಿ ಇಟ್ಟುಕೊಂಡು, ಆ ದಿನದೊಳಗೆ ಕಾದಂಬರಿಯನ್ನು ತಾನೇ ಓದಬಲ್ಲವಳಾದಳು. ಸುಧಾ ಮೂರ್ತಿಯವರು ತಮ್ಮ ಅಜ್ಜಿಯನ್ನು ಕುರಿತು ಬರೆದ ಈ ಕಥನವು 2004ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕರೂಪವಾಗಿ ಬಂದು, ಶಾಲೆಯ ಪಠ್ಯಗಳನ್ನೂ ಸೇರಿ, ಈಗ ಮನೆಮಾತಾಗಿದೆ. ಓದಿದವರೆಲ್ಲರೂ ವಿದ್ಯೆಗೆ ವಯಸ್ಸಿಲ್ಲವೆಂಬ ನೀತಿಯನ್ನು ಅದರಿಂದ ತೆಗೆದುಕೊಳ್ಳುತ್ತಾರೆ. ಆ ನೀತಿ ತಪ್ಪಲ್ಲ. ಆದರೆ ಅದಕ್ಕಿಂತ ಕುತೂಹಲದ ಸಂಗತಿಯೊಂದು ಆ ಕಥನದಲ್ಲಿ ಅಡಗಿದೆ, ಅದನ್ನು ಯಾರೂ ಅಷ್ಟಾಗಿ ಎತ್ತಿ ಆಡಿದಂತೆ ತೋರುವದಿಲ್ಲ.

ಆ ಸಂಗತಿ ಇದು. 'ಕಾಶಿಯಾತ್ರೆ'ಯ ನಾಯಕಿಯೂ ಒಬ್ಬ ಮುದುಕಿಯೇ. ಕಾಶಿಗೆ ಹೋಗಿ ವಿಶ್ವೇಶ್ವರನ ದರ್ಶನ ಪಡೆಯಬೇಕೆಂಬದು ಆಕೆಯ ಬಾಳಿನ ಏಕಮಾತ್ರ ಬಯಕೆ. ಅದಕ್ಕಾಗಿ ಕಾಸಿಗೆ ಕಾಸು ಕೂಡಿಸುತ್ತಾಳೆ. ಕಡೆಗೆ, ಲಗ್ನಕ್ಕೆ ಹಣವಿಲ್ಲದ ಅನಾಥ ಹುಡುಗಿಯೊಬ್ಬಳಿಗೆ ಆ ಗಂಟನ್ನು ಕೊಟ್ಟುಬಿಡುತ್ತಾಳೆ. ಕಾಶಿ ದೂರವೇ ಉಳಿಯುತ್ತದೆ. ಕಥೆಯೊಳಗಿನ ಮುದುಕಿ ತನ್ನ ಆಸೆಯನ್ನು ಬಿಟ್ಟುಕೊಟ್ಟು ವಾಚಕರ ಗೌರವಕ್ಕೆ ಪಾತ್ರಳಾದಳು. ಕಥೆಯನ್ನು ಕೇಳಿದ ಮುದುಕಿಯಾದರೋ ತನ್ನ ಆಸೆಯನ್ನು ಬಿಡಲೇ ಇಲ್ಲ. ಆಕೆಗೂ ಕಾಶಿಯ ಹಂಬಲವಿದ್ದಿತು. ಆದುದರಿಂದಲೇ ಆ ಕಥೆ ಆಕೆಗೆ ತನ್ನದೆನಿಸಿತು. ತ್ಯಾಗವನ್ನು ಕೊಂಡಾಡುವ ಕಾದಂಬರಿಯೊಂದನ್ನು ಕೇಳುತ್ತ ಕುಳಿತವಳು ಅದರಿಂದ ತ್ಯಾಗವನ್ನು ಕಲಿಯದೆ ಓದನ್ನು ಕಲಿತಳು! ಲೇಖಕಿಯು ಕೊಡಬೇಕೆಂದು ಬಗೆದುದು ಒಂದು, ಮುಪ್ಪಿನ ವಾಚಕಿಯು ತೆಗೆದುಕೊಂಡುದು ಇನ್ನೊಂದು.

ತ್ರಿವೇಣಿಯವರನ್ನು ಹಳಿಯುವದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅವರು 1963ರಲ್ಲಿ, ನಲವತ್ತನ್ನು ಕೂಡ ಮುಟ್ಟದೆ, ತೀರಿಕೊಂಡರು; ಮುಪ್ಪನ್ನು ಹೊರಗಿನಿಂದ ಕಂಡು ಬರೆದರೇ ಹೊರತು ತಾವು ಬಾಳಿ ಬರೆಯಲಿಲ್ಲ. ನನಗೆ ಹೇಳಬೇಕಾಗಿರುವದು ನಮ್ಮ ವಾಙ್ಮಯದ ಒಟ್ಟು ರೂಢಿಯ ವಿಷಯ. ಕನ್ನಡ ಕಾದಂಬರಿಯು ಮುದುಕಿಗೆ ಜ್ಞಾನವನ್ನು ಧಾರಾಳವಾಗಿ ಕೊಟ್ಟಿದೆ. ಸಹನೆಯನ್ನು ಇನ್ನೂ ಧಾರಾಳವಾಗಿ ಕೊಟ್ಟಿದೆ. ಬಯಕೆಯೊಂದನ್ನು ಮಾತ್ರ ಕೈ ಬಿಗಿಹಿಡಿದು ಕೊಟ್ಟಿದೆ. ಇತ್ತೀಚೆಗೆ 'ಇಳಿವಯಸ್ಸಿನ ಹೊಸ ಬಾಳು' ಎಂಬದು ಕಥೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಒಂದು ಮೋಜಿನ ವಸ್ತುವಾಗಿದೆ. ಐವತ್ತು ದಾಟಿದವಳು ಮನೆಯನ್ನು ಬಿಟ್ಟು ಗುಡ್ಡದ ಮೇಲೊಂದು ಕುಟೀರ ಮಾಡುತ್ತಾಳೆ, ಚಿತ್ರ ಬರೆಯುತ್ತಾಳೆ, ಹಳೆಯ ಗೆಳೆಯನನ್ನು ಕಾಣುತ್ತಾಳೆ. ಅಷ್ಟರಲ್ಲಿ ಪುಸ್ತಕ ಮುಗಿಯುತ್ತದೆ. ಇಂಥವುಗಳನ್ನು ಅಳೆಯಲು ಹೋಗುವದಿಲ್ಲ. ಮುದುಕಿಯನ್ನು ನಡುವಿಟ್ಟು ಬರೆದ ನಮ್ಮ ಗಟ್ಟಿ ಕೃತಿಗಳಿಗೇ ಒಂದು ಪ್ರಶ್ನೆಯನ್ನು ಕೇಳಬಯಸುತ್ತೇನೆ: ಈ ಲೇಖಕರು ಆಕೆಗೆ ಒಂದು ನಾಳೆಯನ್ನು ಕೊಟ್ಟಿದ್ದಾರೆಯೆ?

ಬಹುಕಾಲದವರೆಗೆ ನಮ್ಮ ಕಥೆಗಳಲ್ಲಿ ಮುದುಕಿಯು ಕಂಬದಂತೆ ಒಂದೆಡೆ ನಿಂತವಳು. ಸೊಸೆಯನ್ನು ಕಾಡುವ ಅತ್ತೆಯಾಗಿ ಬಂದಳು. ಭೈರಪ್ಪನವರ 'ಗೃಹಭಂಗ'ದ (1970) ಗಂಗಮ್ಮನಲ್ಲಿ ಆ ಜಾತಿಯ ಪರಾಕಾಷ್ಠೆಯನ್ನು ಕಾಣಬಹುದು. ಇಲ್ಲವೆ ಹಿತ್ತಿಲಲ್ಲಿ ತುಳಸಿ ಪೂಜಿಸುವ ವಿಧವೆಯಾಗಿ, ಮಕ್ಕಳನ್ನು ಮಲಗಿಸುವ ಅಜ್ಜಿಯಾಗಿ ಬಂದಳು. ಕಾರಂತರ 'ಮರಳಿ ಮಣ್ಣಿಗೆ'ಯ ಸರಸೋತಿಯಂಥ ಗಟ್ಟಿಗಿತ್ತಿಯೂ ದುಡಿದು ದುಡಿದು ಮುಗಿದುಹೋಗುತ್ತಾಳೆ. ಮನೆಯ ಏಳುಬೀಳು ಆಕೆಯ ಹೆಗಲ ಮೇಲೆ ನಡೆದರೂ ಆಕೆಯದೆಂಬ ಒಂದು ತಿರುವು ಕಥೆಯಲ್ಲಿಲ್ಲ.

ಆದರೆ ನಮ್ಮ ನಾಡಿನಲ್ಲಿ ಇಂಥ ಬಾಳೇ ಇರಲಿಲ್ಲವೆನ್ನುವದು ಸುಳ್ಳಾದೀತು. ಕಾಗವಾಡ-ಶೇಡಬಾಳಗಳ ಶ್ರಾವಕ ಮನೆಗಳಲ್ಲಿ ಅತ್ತಿಮಬ್ಬೆಯ ಹೆಸರನ್ನು ಇಂದಿಗೂ ಭಕ್ತಿಯಿಂದ ನೆನೆಯುವದುಂಟು. ಗಂಡನಾದ ನಾಗದೇವನು ತೀರಿದಾಗ ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಅವನೊಡನೆ ಹೋದಳು. ಅತ್ತಿಮಬ್ಬೆ ಎಳೆಯ ಮಗನೊಡನೆ ಉಳಿದಳು. ಉಳಿದು ಮಾಡಿದ್ದೇನು? ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಬಸದಿಗಳನ್ನು ಕಟ್ಟಿಸಿದಳು, ರನ್ನನಿಂದ 'ಅಜಿತಪುರಾಣ'ವನ್ನು (993) ಬರೆಯಿಸಿದಳು. 1007ರ ಲಕ್ಕುಂಡಿಯ ಶಾಸನವು ಆಕೆಯ ಕೀರ್ತಿಯನ್ನು ಹೇಳುತ್ತದೆ. ವೈಧವ್ಯದ ಆಚೆಗೆ ಹಲವು ದಶಕಗಳ ಇನ್ನೊಂದು ಬಾಳು! ಸಾವಿರ ವರ್ಷದ ಹಿಂದಿನ ಕವಿಯು ಕಂಡುದನ್ನು ಇಪ್ಪತ್ತನೆಯ ಶತಮಾನದ ಕಾದಂಬರಿಕಾರನು ಕಾಣಲು ಇಷ್ಟು ತಡಮಾಡಿದ್ದೇಕೆಂಬದು ಯೋಚಿಸಬೇಕಾದ ವಿಷಯ. ಬಹುಶಃ ಕಾದಂಬರಿಯು ಹುಟ್ಟಿದಾಗ ಎದುರಿಗಿದ್ದ ಸಮಸ್ಯೆ ಎಳೆಯ ವಿಧವೆಯದು. 1899ರ 'ಇಂದಿರಾಬಾಯಿ'ಯಿಂದ ಮೊದಲ್ಗೊಂಡು ಕಣ್ಣೆಲ್ಲ ಆಕೆಯ ಮೇಲೆ ನೆಟ್ಟಿತು. ಮರುಮದುವೆಯ ವಯಸ್ಸು ಮೀರಿದವಳಿಗೆ ಏನು ಪರಿಹಾರವೆಂದು ಸುಧಾರಕನಿಗೂ ತಿಳಿಯದು, ಕಥೆಗಾರನಿಗೂ ತಿಳಿಯದು.

ಆ ಮೌನವನ್ನು ಮುರಿದ ಕೃತಿಯೆಂದರೆ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು'. 1968ರಲ್ಲಿ ಅಚ್ಚಾದ ಈ ಪುಸ್ತಕಕ್ಕೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ದೊರೆತುದನ್ನು ವಾಚಕರು ಬಲ್ಲರು. ಎಳೆತನದಲ್ಲಿಯೇ ಗಂಡನನ್ನು ಕಳೆದುಕೊಂಡು, ಎಂಬತ್ತರ ಅಂಚಿನವರೆಗೆ ಮೂಡೂರಿನ ಮನೆಯೊಂದರಲ್ಲಿ ಬಹುಮಟ್ಟಿಗೆ ಮಾತಿಲ್ಲದೆ ಬಾಳಿದ ಅಜ್ಜಿಯು, ಮೊಮ್ಮಗ ಸುಬ್ಬರಾಯನು ಕೇಳಿದಾಗ ಬಾಯಿ ಬಿಡುತ್ತಾಳೆ. ಹಳೆಯ ಮೂಳೆಯನ್ನೋ ಕಲ್ಲನ್ನೋ ಕೈಯಲ್ಲಿ ಹಿಡಿದರೆ ಆಕೆಗೆ ಸಾವಿರಾರು ವರ್ಷಗಳ ಹಿಂದಿನ ದೃಶ್ಯಗಳು ತೋರುತ್ತವೆ. ದೇವರು ಹೇಗೆ ಹುಟ್ಟಿದರು, ಮನುಷ್ಯರು ಅವರನ್ನು ಹೇಗೆ ತಿದ್ದಿದರು, ಗಂಡುಹೆಣ್ಣಿನ ಕೂಟವನ್ನು ಕೊಳಕೆಂದು ಯಾರು ಯಾವಾಗ ಬಗೆದರು ಎಂಬವನ್ನೆಲ್ಲ ಆಕೆ ನಿಸ್ಸಂಕೋಚವಾಗಿ ಆಡುತ್ತಾಳೆ. ದಾಂಪತ್ಯವನ್ನೇ ಕಾಣದವಳು ದಾಂಪತ್ಯದ ಸುಖವನ್ನು ಹಗೆಯಿಲ್ಲದೆ, ಹಲುಬದೆ ಹೊಗಳುವ ಆ ಭಾಗಗಳು ಕನ್ನಡದಲ್ಲಿ ಅಪೂರ್ವವಾದುವು. ಊರು ಹಳಿದ ನಾಗಿಯ ವಿಷಯದಲ್ಲಿ ಆಕೆ ತೋರುವ ಕನಿಕರವೂ ಹಾಗೆಯೇ; ಅಲ್ಲಿ ಅಜ್ಜಿಯು ಋಷಿಯಾಗಿ ಅಲ್ಲ, ನೆರೆಮನೆಯ ಹೆಂಗಸಾಗಿ ದೊಡ್ಡವಳು.

ಇಷ್ಟು ಹೇಳಿದ ಮೇಲೆಯೂ ನನ್ನ ಅಸಮಾಧಾನವನ್ನು ಮುಚ್ಚಿಡಲಾರೆ. ಮೂಕಜ್ಜಿಯ ಮಾತು ಎಷ್ಟರಮಟ್ಟಿಗೆ ಆಕೆಯದು, ಎಷ್ಟರಮಟ್ಟಿಗೆ ಕಾರಂತರದು? ಇತಿಹಾಸದ, ಮಾನವಶಾಸ್ತ್ರದ ಅವರ ಓದೆಲ್ಲ ಒಬ್ಬ ಮುದುಕಿಯ ನಾಲಗೆಯನ್ನು ಬಾಡಿಗೆಗೆ ಹಿಡಿದಂತೆ ಕೆಲವು ಪುಟಗಳಲ್ಲಿ ತೋರುತ್ತದೆ. ಇದು ಹಳೆಯ ಆಕ್ಷೇಪ, ಇದಕ್ಕೆ ಕಾರಂತರ ಅಭಿಮಾನಿಗಳು ಉತ್ತರವನ್ನೂ ಕೊಟ್ಟಿದ್ದಾರೆ. ನನ್ನ ಆಕ್ಷೇಪ ಬೇರೆ. ಅಜ್ಜಿಯ ದೃಷ್ಟಿ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಒಂದು ದಿನ ಮುಂದಕ್ಕೆ ಹೋಗುವದಿಲ್ಲ. ಲೋಕದ ನಿನ್ನೆಯೆಲ್ಲ ಆಕೆಯ ಮುಂದೆ ತೆರೆದು ನಿಂತಿದೆ. ನಾಳೆ ಬೆಳಿಗ್ಗೆ ಆಕೆಗೆ ಏನು ಬೇಕು ಎಂಬದನ್ನು ಸುಬ್ಬರಾಯನೂ ಕೇಳುವದಿಲ್ಲ, ಕಾರಂತರೂ ಕೇಳುವದಿಲ್ಲ. ಈ ಕಥೆಯನ್ನು ಮನೆಯ ಹಿರಿಯಳೊಬ್ಬಳಿಗೆ ಓದಿ ಹೇಳಿ ನೋಡಿರಿ. ದೇವರ ಮಾತು ಬಂದಲ್ಲಿ ಒಮ್ಮೆ ನಕ್ಕಾಳು, ಒಮ್ಮೆ ಕೈ ಮುಗಿದಾಳು. ಕೊನೆಗೆ 'ಮುಂದ ಆಕಿ ಏನ್ ಮಾಡಿದ್ಳು?' ಎಂದು ಕೇಳಿದರೆ ಓದಿದವರು ತಡವರಿಸಬೇಕಾಗುವದು. ಮೊಮ್ಮಗನ ಸಂಶಯಗಳು ತೀರಿದುವು. ಅಜ್ಜಿಯು ಅವನಿಗೆ ಗ್ರಂಥಾಲಯವಾಗಿ ಒದಗಿದಳು.

ಈ ಅಳತೆಗೋಲನ್ನು ಹಿಡಿದು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನ (1976) ಹತ್ತಿರ ಬಂದರೆ ಕೋಲೇ ಮುರಿಯುತ್ತದೆ. ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಫಣಿಯಮ್ಮನಿಗೆ ಬಯಕೆಯೆಂಬದು ಇಲ್ಲವೇ ಇಲ್ಲ. ಒಂಬತ್ತರಲ್ಲಿ ವಿಧವೆ, ದೊಡ್ಡವಳಾದೊಡನೆ ಕೂದಲು ತೆಗೆಯಿಸಿಕೊಂಡು ಕೆಂಪು ಸೀರೆ, ಅಲ್ಲಿಂದ ಮುಂದೆ ನೂರು ವರ್ಷ ಮನೆಯವರ ಬಾಣಂತನ, ಹಪ್ಪಳ, ಉಪ್ಪಿನಕಾಯಿ, ದೇವರ ಕೆಲಸ. ಮಲೆನಾಡಿನ ಆ ದೊಡ್ಡ ಮನೆಯಲ್ಲಿ ಆಕೆಯದೆಂಬ ಒಂದು ಚೂರು ಜಾಗವಿಲ್ಲ. 112 ವರ್ಷ ಬಾಳಿದ ತಮ್ಮ ವಂಶದ ಹೆಂಗಸೊಬ್ಬಳ ನಿಜವಾದ ಕಥೆಯನ್ನು ತಾಯಿಯಿಂದ ಕೇಳಿ ಇಂದಿರಾ ಅವರು ಬರೆದರು. ಬರೆದ ರೀತಿಯಲ್ಲಿ ಕೂಗಾಟವಿಲ್ಲ, ಕಣ್ಣೀರಿಲ್ಲ. ಅಡಿಗೆಮನೆಯ ಪದ್ಧತಿಗಳನ್ನು, ಮಡಿಯ ನಿಯಮಗಳನ್ನು, ಹಬ್ಬದ ಸಾಮಾನುಗಳನ್ನು ಎಣಿಸಿ ಎಣಿಸಿ ಹೇಳುವ ಆ ಸಾವಧಾನಕ್ಕೆ ಕೆಲವು ಟೀಕಾಕಾರರು ಬೇಸರಪಟ್ಟಿದ್ದಾರೆ. ಅದು ತಪ್ಪು. ಫಣಿಯಮ್ಮನಿಗೆ ಲೋಕವು ದೊರೆತುದು ಆ ಸಾಮಾನುಗಳ ರೂಪದಲ್ಲಿಯೇ. ಅವನ್ನು ಬಿಟ್ಟರೆ ಆಕೆಯ ಚರಿತ್ರೆ ಉಳಿಯುವದಿಲ್ಲ.

ಹಾಗಾದರೆ ಈ ಬಾಳಿನಲ್ಲಿ ತಿರುವು ಎಲ್ಲಿ? ಎರಡು ಸಂದರ್ಭಗಳಲ್ಲಿದೆ, ಎರಡೂ ಬಹಳ ತಡವಾಗಿ ಬರುತ್ತವೆ. ಮೊದಲನೆಯದು ಹೆರಿಗೆಯ ಪ್ರಸಂಗ. ಮಡಿಯಲ್ಲಿಯೇ ಮುಪ್ಪಾದವಳು, ಲೋಕವು ಅಸ್ಪೃಶ್ಯಳೆಂದು ದೂರವಿರಿಸಿದ ಎಳೆಯ ಹೆಂಗಸೊಬ್ಬಳು ಹೆರಲಾರದೆ ಸಾಯುತ್ತಿರುವಾಗ, ಗುಟ್ಟಾಗಿ ಹೋಗಿ ತನ್ನ ಕೈಯಾರೆ ಕೂಸನ್ನು ಹೊರತೆಗೆಯುತ್ತಾಳೆ. ಉಪವಾಸದಿಂದ ಸಣಕಲಾದ ಕೈ ಅಲ್ಲಿ ಕೆಲಸಕ್ಕೆ ಬರುತ್ತದೆ! ಲೇಖಕಿಯು ಆ ವ್ಯಂಗ್ಯವನ್ನು ಎತ್ತಿ ತೋರಿಸದೆ ಸುಮ್ಮನೆ ಹೇಳಿ ಮುಂದೆ ಹೋಗುತ್ತಾರೆ. ಎರಡನೆಯದು ದಾಕ್ಷಾಯಣಿಯ ಪ್ರಸಂಗ. ಎಳೆಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದು ನಿಲ್ಲುತ್ತಾಳೆ. ಮನೆಯಲ್ಲಿ ಹುಯಿಲೇಳುತ್ತದೆ. ಇಂಥಲ್ಲಿ ಎಲ್ಲರೂ ನೋಡುವದು ಫಣಿಯಮ್ಮನ ಮುಖವನ್ನು. ಏಕೆಂದರೆ ಆ ಧರ್ಮವನ್ನು ತಪ್ಪದೆ ನಡೆಸಿದವಳು ಆಕೆಯೊಬ್ಬಳೇ. ಫಣಿಯಮ್ಮ ಹುಡುಗಿಯ ಕಡೆಗೆ ನಿಲ್ಲುತ್ತಾಳೆ. ಕಾಲ ಬೇರೆಯಾಯಿತು, ಅವಳನ್ನು ಪೀಡಿಸಬೇಡಿರೆಂಬ ಭಾವ ಆಕೆಯದು.

ಇದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ತಾನು ತೆತ್ತ ಬೆಲೆಯನ್ನು ಇನ್ನೊಬ್ಬಳಿಂದಲೂ ವಸೂಲು ಮಾಡಬೇಕೆಂಬದು ಮನುಷ್ಯಸ್ವಭಾವ. ನಾನು ಪಟ್ಟೆ, ಇವಳೇಕೆ ಪಡಬಾರದು? ನಮ್ಮ ಮನೆಗಳಲ್ಲಿ ಅತ್ತೆಯಾದವಳು ತನ್ನ ಅತ್ತೆಯಿಂದ ಪಡೆದುದನ್ನು ಸೊಸೆಗೆ ದಾಟಿಸುವದೂ ಇದೇ ನ್ಯಾಯದಿಂದಲೇ. ಫಣಿಯಮ್ಮ ಆ ಲೆಕ್ಕವನ್ನು ಅಲ್ಲಿಯೇ ಹರಿದು ಹಾಕುತ್ತಾಳೆ. ಹಾಗೆ ಮಾಡಿದರೆ ತನ್ನ ಇಡೀ ಬಾಳು ನಿಷ್ಕಾರಣವಾಗಿ ಹೋಯಿತೆಂದು ಒಪ್ಪಿದಂತಾಗುವದು. ಅಷ್ಟನ್ನೂ ಆಕೆ ಒಳಗೊಳಗೆ ಒಪ್ಪುತ್ತಾಳೆ. ಇದಕ್ಕಿಂತ ದೊಡ್ಡ ಬದಲಾವಣೆ ಮುಪ್ಪಿನಲ್ಲಿ ಯಾವುದಿದ್ದೀತು? ಉಡುಪು ಬದಲಾಗಲಿಲ್ಲ, ಊರು ಬದಲಾಗಲಿಲ್ಲ, ಏಕಾದಶಿಯ ಉಪವಾಸವೂ ತಪ್ಪಲಿಲ್ಲ. ತನಗೆ ಸಿಗದ ನಾಳೆಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟಳು. ಇದನ್ನೂ ತ್ಯಾಗವೆಂದು ಕರೆಯುವವರಿಗೆ ನಾನು ಅಡ್ಡಿ ಬರುವೆನು. 'ಕಾಶಿಯಾತ್ರೆ'ಯ ಮುದುಕಿ ಕೊಟ್ಟುದು ತನ್ನ ಹಣ. ಅದನ್ನು ಲೋಕವು ಹೊಗಳುವದೆಂಬದು ಮೊದಲೇ ಗೊತ್ತು. ಫಣಿಯಮ್ಮ ಕೊಟ್ಟುದು ಲೋಕವು ಮುನಿಸಿಕೊಳ್ಳುವಂಥ ತೀರ್ಪು. 1983ರಲ್ಲಿ ಪ್ರೇಮಾ ಕಾರಂತರು ಈ ಕಥೆಯನ್ನು ಚಲಚ್ಚಿತ್ರ ಮಾಡಿದರು. ಪುಸ್ತಕವನ್ನು ಓದದವರು ಅದನ್ನಾದರೂ ನೋಡಬೇಕು.

ಈ ಕಾದಂಬರಿಯನ್ನು ಬರೆದವರ ಬಾಳೇ ನಮ್ಮ ವಿಷಯಕ್ಕೆ ಒಂದು ಉದಾಹರಣೆ. ಇಂದಿರಾ ಅವರು ಹುಟ್ಟಿದುದು 1917ರಲ್ಲಿ. ಏಳು ವರ್ಷದ ಶಾಲೆ, ಹನ್ನೆರಡಕ್ಕೆ ಮದುವೆ. ಮೊದಲನೆಯ ಕಾದಂಬರಿ 'ತುಂಗಭದ್ರ' ಹೊರಬಿದ್ದುದು 1963ರಲ್ಲಿ, ಅಂದರೆ ನಲವತ್ತಾರರಲ್ಲಿ. 'ಫಣಿಯಮ್ಮ'ನನ್ನು ಬರೆಯುವಾಗ ಅರವತ್ತು ಸಮೀಪಿಸಿದ್ದಿತು. ತರುಣ ವಯಸ್ಸಿನಲ್ಲಿ ಬರೆದಿದ್ದರೆ ಫಣಿಯಮ್ಮ ಬಂಡಾಯಗಾತಿಯೋ ಬಲಿಪಶುವೋ ಆಗಿ ಮುಗಿಯುತ್ತಿದ್ದಳೆಂದು ನನಗೆ ತೋರುತ್ತದೆ. ಕೃಷ್ಣೆಯ ಆಚೆಯ ಮರಾಠಿಯಲ್ಲಿಯೂ ಇಂಥದೊಂದು ನಿದರ್ಶನವುಂಟು. ನಿಪ್ಪಾಣಿಯ ಮನೆಗಳಲ್ಲಿ ಅದನ್ನು ಮೂಲದಲ್ಲಿಯೇ ಓದಿದವರು ಕಡಿಮೆಯಿಲ್ಲ. ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ' 1934ರಿಂದ ಭಾಗಭಾಗವಾಗಿ ಬಂದಿತು. ಆಗ ಆಕೆಗೆ ಅರವತ್ತಾರು. ಅದು ಆತ್ಮಚರಿತ್ರೆ, ಕಾದಂಬರಿಯಲ್ಲ. ಆದರೆ ತನ್ನನ್ನು ತಾನೇ ನೋಡಿ ನಗುವ ಮುದುಕಿಯೊಬ್ಬಳು ಭಾರತೀಯ ವಾಙ್ಮಯದಲ್ಲಿ ಇಷ್ಟು ಸಲೀಸಾಗಿ ಮಾತನಾಡಿದುದು ಅಪರೂಪ. ನಮ್ಮ ಮೂಕಜ್ಜಿ ಎಲ್ಲವನ್ನೂ ಬಲ್ಲಳು, ನಗುವದು ಮಾತ್ರ ಕಡಿಮೆ.

ಇಲ್ಲಿಯ ವರೆಗೆ ಹೇಳಿದುದೆಲ್ಲ ಅಟ್ಟದ ಮೇಲೆ ಅಕ್ಕಿಯಿದ್ದ ಮನೆಗಳ ಮಾತು. ಮುಪ್ಪಿನಲ್ಲಿ ಹೊಸ ಬಾಳು ಎಂಬ ಮಾತಿಗೆ ಅರ್ಥ ಬರಬೇಕಾದರೆ ಹಳೆಯ ಬಾಳು ಎಲ್ಲಿಯಾದರೂ ನಿಂತಿರಬೇಕು. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ದುಡಿದ, ಬೀಡಿ ಕಟ್ಟಿ ಹೊಟ್ಟೆ ಹೊರೆದ ಹೆಂಗಸಿಗೆ, ಅಥಣಿಯಲ್ಲಿ ಚಪ್ಪಲಿಗೆ ಜಡೆ ಹೆಣೆಯುತ್ತ ಕಣ್ಣು ಮಂಜಾದವಳಿಗೆ, ಆ ನಿಲುಗಡೆ ಯಾವಾಗ ಬರುವದು? ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನನ್ನು ಇಲ್ಲಿ ನೆನೆಯಬೇಕು. ಆಕೆಗೆ ಜ್ಞಾನವೂ ಇಲ್ಲ, ದಿವ್ಯದೃಷ್ಟಿಯೂ ಇಲ್ಲ. ಕಳೆದುಹೋದ ತನ್ನ ಹುಂಜ ಬೇಕು. ಊರೆಲ್ಲ ಅಲೆದು ಹುಡುಕುತ್ತಾಳೆ, ಬೈಯುತ್ತಾಳೆ. ಒಂದು ಹುಂಜಕ್ಕಾಗಿ ಇಷ್ಟು ರಂಪವೆ ಎಂದು ಮೊದಲು ಓದುವವರು ನಕ್ಕಾರು. ಆದರೆ ಕನ್ನಡದ ಮುದುಕಿಯರಲ್ಲಿ 'ಇದು ನನ್ನದು' ಎಂದು ಬಾಯಿಬಿಟ್ಟು ಹೇಳಿದವಳು ಈ ಸಾಕವ್ವ. ಹಸಿದ ಮನೆಯ ಯಜಮಾನಿಕೆಯನ್ನು ಆಕೆ ಕೊನೆಯವರೆಗೆ ಕೈಬಿಡುವದಿಲ್ಲ. ಬಯಕೆಯನ್ನು ಮುದುಕಿಗೆ ಕೊಡಲು ನಮ್ಮ ಮಧ್ಯಮವರ್ಗದ ಲೇಖಕರು ಹೆದರಿದಲ್ಲಿ ಮಹಾದೇವರು ಹೆದರಲಿಲ್ಲ.

ವೈದೇಹಿಯವರ 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಎಂಬ ಕಥೆಯ ಲಿಲ್ಲೀಬಾಯಿಯೂ ದುಡಿಯುವವಳೇ. ಊರಿನ ಸೂಲಗಿತ್ತಿ ಆಕೆ. ಕರಾವಳಿಯ ಆ ಸಣ್ಣ ಊರಿಗೆ ಟಾಕೀಸು ಬಂದಾಗ ಹೆಂಗಸರ ಬಾಗಿಲಿನಲ್ಲಿ ಟಿಕೀಟು ನೋಡುವ ಕೆಲಸ ಆಕೆಗೆ ದೊರೆಯುತ್ತದೆ. ಇಷ್ಟು ದಿನ ಮನೆಯೊಳಗೇ ಇದ್ದ ಊರ ಹೆಂಗಸರು ಆಕೆಯ ಬಾಗಿಲನ್ನು ದಾಟಿ ಕತ್ತಲೆಯ ಬೆರಗಿನೊಳಗೆ ಹೋಗುತ್ತಾರೆ. ಕೂಸುಗಳನ್ನು ಬೆಳಕಿಗೆ ತಂದ ಕೈ ಈಗ ತಾಯಂದಿರನ್ನು ಕತ್ತಲೆಗೆ ಕಳಿಸುತ್ತದೆ. ವೈದೇಹಿಯವರಿಗೆ ಸಹಜವಾದ ಆ ತುಂಟ ನಗೆಯಿಂದ ಕಥೆ ಹಗುರವಾಗಿ ಸಾಗುತ್ತದೆ. ಆದರೆ ಒಂದು ವೃತ್ತಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುವದು ಹೆಂಗಸಿಗೆ ಎಷ್ಟು ದೊಡ್ಡ ಸಂಗತಿಯೆಂಬದನ್ನು ನಮ್ಮಲ್ಲಿ ಇಷ್ಟು ಸರಳವಾಗಿ ತೋರಿಸಿದ ಕಥೆ ಬೇರೊಂದು ನೆನಪಿಗೆ ಬಾರದು. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಇದನ್ನು ಆಧರಿಸಿ ಮಾಡಿದ ಚಿತ್ರ ಬೇರೆಯದೇ ಕಥೆಯಾಯಿತು. ಅದರ ಗುಣದೋಷ ಇಲ್ಲಿ ಬೇಡ.

ಬಾಳು ಕಥೆಗಿಂತ ಮುಂದೆ ನಡೆದುದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯುಂಟು. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು ಎಳೆತನದಲ್ಲಿಯೇ ದೇವದಾಸಿಯಾಗಿ ಬಿಡಲಾಗಿತ್ತು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು 1982ರಲ್ಲಿ ಬಂದಿತು. ಆ ಬಾಳಿನಿಂದ ಹೊರಬಂದ ಹೆಂಗಸರೇ ನಡೆಸುವ ಘಟಪ್ರಭೆಯ ಸಂಸ್ಥೆ 1997ರಲ್ಲಿ ನಿಂತಿತು. ಅದನ್ನು ಮುನ್ನಡೆಸಿದ ಸೀತವ್ವನವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ದೇವದಾಸಿಯನ್ನು ಕುರಿತು ಕನ್ನಡದಲ್ಲಿ ಕಥೆಗಳಿಗೆ ಬರವಿಲ್ಲ. ಅವುಗಳಲ್ಲಿ ಬಹುತೇಕ ಆಕೆಯ ಹರೆಯದೊಂದಿಗೆ ಮುಗಿಯುತ್ತವೆ. ಹರೆಯ ಕಳೆದ ಮೇಲೆ ಆಕೆ ರಶೀದಿ ಪುಸ್ತಕ ಹಿಡಿದು, ಸಭೆ ಕರೆದು, ಇನ್ನೊಬ್ಬಳ ಮಗಳನ್ನು ಶಾಲೆಗೆ ಸೇರಿಸಿದಳೆಂಬ ಕಥೆಯನ್ನು ಕಥೆಗಾರರು ಕಂಡಿಲ್ಲವೋ, ಕಂಡರೂ ಅದರಲ್ಲಿ ರಸವಿಲ್ಲವೆಂದು ಬಗೆದರೋ? ರಸವಿರುವದು ಅಲ್ಲಿಯೇ.

ಹೊರನಾಡಿನ ಒಂದು ಕೃತಿಯನ್ನು ಇಲ್ಲಿ ಹೆಸರಿಸದೆ ಇರಲಾಗದು. ಗಡಿಯಲ್ಲಿ ಬಾಳುವ ನಮಗೆ ಅದರ ಮಾತು ಬೇಗನೆ ತಿಳಿಯುವದು. ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ 'ರೇತ್ ಸಮಾಧಿ' 2018ರಲ್ಲಿ ಬಂದಿತು. ಡೇಸಿ ರಾಕ್‌ವೆಲ್ ಅವರ ಇಂಗ್ಲಿಷ್ ಅನುವಾದಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಎಂಬತ್ತರ ಮುದುಕಿ, ಗಂಡ ತೀರಿದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮನೆಮಂದಿಗೆಲ್ಲ ಬೆನ್ನು ತಿರುಗಿಸಿ ಮಲಗಿಬಿಡುತ್ತಾಳೆ. ಮಕ್ಕಳು ಮೊಮ್ಮಕ್ಕಳು ಏಳಿಸಲು ಪಡುವ ಪಾಡೇ ನೂರಾರು ಪುಟ. ಏಳುವಾಗ ಆಕೆ ಬೇರೆಯವಳಾಗಿ ಏಳುತ್ತಾಳೆ. ಮಗನ ಮನೆಯನ್ನು ಬಿಟ್ಟು ಮಗಳ ಮನೆಗೆ ಹೋಗುತ್ತಾಳೆ. ಗಂಡೂ ಅಲ್ಲದ ಹೆಣ್ಣೂ ಅಲ್ಲದವಳೆಂದು ಲೋಕವು ದೂಡಿದ ರೋಸಿಯೊಡನೆ ಗೆಳೆತನ ಬೆಳೆಸುತ್ತಾಳೆ. ಕಡೆಗೆ ಪಾಕಿ‌ಸ್ತಾನದ ಗಡಿಯನ್ನು ದಾಟಿ, ದೇಶ ಒಡೆದಾಗ ಕಳೆದುಕೊಂಡ ತನ್ನ ಮೊದಲಿನ ಗಂಡನನ್ನು ಹುಡುಕುತ್ತಾಳೆ. ಪುಸ್ತಕದಲ್ಲಿ ಮಾತಿನ ಆಟ ಅತಿಯಾಯಿತೆಂದು ನನ್ನ ಅಭಿಪ್ರಾಯ; ಕಾಗೆಗಳೂ ಬಾಗಿಲುಗಳೂ ಮಾತಿಗಿಳಿಯುವಾಗ ತಾಳ್ಮೆ ತಪ್ಪುವದುಂಟು. ಆದರೂ ಗೋಡೆಗೆ ಮುಖ ಮಾಡಿದ ಆ ಬೆನ್ನು ಮರೆಯುವಂಥದಲ್ಲ. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಆ ಬೆನ್ನನ್ನು ಕಂಡಿಲ್ಲ? ವಯಸ್ಸಾಯಿತು, ಮಲಗಿದ್ದಾರೆ ಎನ್ನುತ್ತೇವೆ. ಆಕೆ ಇನ್ನು ಒಲ್ಲೆನೆನ್ನುತ್ತಿರಬಹುದೆಂಬ ಯೋಚನೆ ನಮಗೆ ಬರುವದಿಲ್ಲ.

ಗಡಿಯ ಮಾತು ಬಂದಿತು. ಕಾಗವಾಡದ ಮುದುಕಿಗೆ ತವರು ಗಡಿಯ ಆಚೆ, ದವಾಖಾನೆ ಮಿರಜದಲ್ಲಿ, ಮಗಳನ್ನು ಕೊಟ್ಟ ಮನೆ ಕಾಗಲದಲ್ಲಿ ಇರಬಹುದು. ಸಂತೆಯಲ್ಲಿ ಮರಾಠಿ, ಒಲೆಯ ಮುಂದೆ ಕನ್ನಡ, ಜಪಕ್ಕೆ ಮತ್ತೊಂದು ಭಾಷೆ. ಗಂಡಸರು ಗಡಿಯನ್ನು ಕುರಿತು ವಾದ ಮಾಡುತ್ತಿರುವಾಗ ಆಕೆ ಬುತ್ತಿಯ ಗಂಟನ್ನು ಹಿಡಿದು ಬಸ್ಸು ಹತ್ತಿ ಅದನ್ನು ದಾಟಿ ಬಂದಿರುತ್ತಾಳೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು 1945ರಲ್ಲಿ 'ನಿಸರ್ಗ'ವನ್ನು ಬರೆದು, ಈ ಸೀಮೆಯ ಜೈನ ಒಕ್ಕಲು ಮನೆಗಳ ಬಾಳನ್ನು ಇಲ್ಲಿಯ ಆಡುಮಾತಿನಲ್ಲಿಯೇ ಕಾದಂಬರಿಗೆ ತಂದರು. ಬೆಂಗಳೂರು-ಧಾರವಾಡಗಳ ಕನ್ನಡವನ್ನೇ ಕನ್ನಡವೆಂದು ತಿಳಿದವರಿಗೆ ಆ ಮಾತಿನ ಒರಟುತನವೇ ಒಂದು ಬೆರಗಾಯಿತು. ಈ ಮಾತಿನಲ್ಲಿ ಎಂಥ ಸೂಕ್ಷ್ಮವನ್ನೂ ಹೇಳಬಹುದೆಂದು ಅವರು ತೋರಿಸಿಕೊಟ್ಟರು. ಅದೇ ಮಾತಿನಲ್ಲಿ, ಬಸ್ಸಿನ ಕಿಟಕಿಯ ಬದಿಗೆ ಬುತ್ತಿ ಹಿಡಿದು ಕುಳಿತ ಆ ಹೆಂಗಸನ್ನು ನಡುವಿಟ್ಟು ಒಂದು ಕಾದಂಬರಿ ಬರಬೇಕು. ಆಕೆ ಮಿರಜಕ್ಕೆ ಹೋಗುವದು ದವಾಖಾನೆಗೇ ಆಗಬೇಕೆಂದಿಲ್ಲ. ಮಿರಜದಲ್ಲಿ ತಂಬೂರಿಯನ್ನೂ ಮಾಡುತ್ತಾರೆ.

ಬರೆಯುವವರಿಗೆ ಒಂದು ಸೂಚನೆಯನ್ನಾದರೂ ಕೊಡಬಹುದೆಂದು ತೋರುತ್ತದೆ. ಆಕೆಯನ್ನು ದೇವತೆ ಮಾಡಬೇಡಿರಿ. ಮೊಮ್ಮಕ್ಕಳ ಸಂಶಯ ತೀರಿಸುವ ಪಂಡಿತಳನ್ನಾಗಿಯೂ ಮಾಡಬೇಡಿರಿ. ಆಕೆಗೆ ಒಂದು ಸಣ್ಣ ಹಟವಿರಲಿ, ಕೈಯಲ್ಲಿ ತನ್ನದೇ ಆದ ನಾಲ್ಕು ರೂಪಾಯಿಯಿರಲಿ, ಅದನ್ನು ಖರ್ಚು ಮಾಡುವಾಗ ಯಾರ ಅಪ್ಪಣೆಯೂ ಬೇಡ. ಹಟ ತಪ್ಪಾದರೂ ಚಿಂತೆಯಿಲ್ಲ. ಎಂಬತ್ತರಲ್ಲಿ ತಪ್ಪು ಮಾಡುವ ಹೆಂಗಸು ನಮ್ಮ ಕಾದಂಬರಿಯಲ್ಲಿ ಎಷ್ಟು ಅಪರೂಪ! ತಪ್ಪು ಮಾಡುವ ಹಕ್ಕನ್ನು ಎಳೆಯ ನಾಯಕನಿಗೆ ಪುಟಗಟ್ಟಲೆ ಕೊಟ್ಟಿದ್ದೇವೆ.

ಮೊದಲು ಹೇಳಿದ ಮುದುಕಿಯ ಕಥನದ ಕೊನೆಯನ್ನು ಹೇಳುವದು ಉಳಿದಿದೆ. ದಸರೆಯ ಹೊತ್ತಿಗೆ 'ಕಾಶಿಯಾತ್ರೆ' ಪುಸ್ತಕವಾಗಿ ಅಚ್ಚಾಗಿದ್ದಿತು. ಪೂಜೆಯ ದಿನ ಮುದುಕಿಯು ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿ, ಹೊಸ ಬಟ್ಟೆ ಕೊಟ್ಟು, ಬಾಗಿ ಆ ಹುಡುಗಿಯ ಕಾಲು ಮುಟ್ಟಿದಳು. ಹಿರಿಯರು ಕಿರಿಯರ ಕಾಲು ಮುಟ್ಟಬಾರದೆಂದು ಹುಡುಗಿ ಗಾಬರಿಯಾದಾಗ, ತಾನು ಮುಟ್ಟುತ್ತಿರುವದು ಗುರುವಿನ ಕಾಲೆಂದು ಸಮಾಧಾನ ಹೇಳಿದಳು. ಮೊಮ್ಮಗಳು ಆ ಪುಸ್ತಕವನ್ನೇ ಆಕೆಯ ಕೈಗೆ ಕೊಟ್ಟಳು. ಆಕೆ ಪುಸ್ತಕದ ಹೆಸರನ್ನು ಓದಿದಳು, ತ್ರಿವೇಣಿಯವರ ಹೆಸರನ್ನು ಓದಿದಳು, ಪ್ರಕಾಶಕರ ಹೆಸರನ್ನೂ ಬಿಡದೆ ಓದಿದಳು.